ಒಂದು ಚೀಲ ಮೆಣಸಿನಕಾಯಿಯ ಹಿಂದೆ

ಕೇಳುಗರಿಗೆಲ್ಲ ನಮಸ್ಕಾರ. ಬ್ಯಾಡಗಿಯಲ್ಲಿ ನಮ್ಮದೊಂದು ದಲಾಲಿ ಅಂಗಡಿ ಇದೆ. ಬೇರೆ ಬೇರೆ ಕಂಪನಿಗಳು ಕೂಡಿ ದುಡಿಯುವುದು ಹೇಗೆ ಅಂತ ನಾನು ಕಲಿತದ್ದು ಅಲ್ಲೇ, ಮೆಣಸಿನಕಾಯಿ ಚೀಲಗಳ ನಡುವೆ.

ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇಂಥ ಸೀಮೆಯದೇ ಬೆಳೆ ಅನ್ನುವ ಸರಕಾರಿ ಗುರುತು, ಸಿಕ್ಕಿದ್ದು ಈ ಕಾಯಿಗೇ. ಮಸಾಲೆ ಕಂಪನಿಯವರು ಪುಡಿಗೆ ಒಯ್ಯುತ್ತಾರೆ. ಇನ್ನು ಕೆಲವರು ಓಲಿಯೊರೆಸಿನ್ ತೆಗೆಯುತ್ತಾರೆ. ಅಂದರೆ ಕಾಯಿಯ ಬಣ್ಣವೆಲ್ಲ ಇಳಿದ ಗಟ್ಟಿ ಎಣ್ಣೆ. ಅದು ತಿಂಡಿಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಹೊರಗಿಟ್ಟ ಕಾಯಿಯ ಬಣ್ಣ ಮಾಸುತ್ತದೆ, ಅದಕ್ಕೆ ನಡುವೆ ಕೋಲ್ಡ್ ಸ್ಟೋರೇಜ್ ಬೇಕು. ಅಲ್ಲಿನ ರಸೀದಿ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ರೈತರು, ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಲಾರಿಯವರು, ಎಲ್ಲರೂ ಸೇರಿದರೇ ಒಂದು ಚೀಲ ಮುಂದೆ ಹೋಗುವುದು.

ಒಂದು ವರ್ಷ ನಾವು ಕಳಿಸಿದ ಲೋಡು ಕಾರ್ಖಾನೆಯಿಂದ ವಾಪಸ್ ಬಂತು. ತೇವ ಜಾಸ್ತಿ ಅಂದರು. ಚೀಲ ಬಿಚ್ಚಿ ಕಾಯಿ ಮುರಿದು ನೋಡಿದೆ. ಚೆನ್ನಾಗಿ ಒಣಗಿದ ಕಾಯಿ ಅಲುಗಾಡಿಸಿದರೆ ಬೀಜ ಗಲಗಲ ಅನ್ನಬೇಕು. ಇದು ಸದ್ದೇ ಮಾಡಲಿಲ್ಲ, ಮುರಿದಲ್ಲಿ ಒಳಗೆ ಬಿಳಿ ಬೂಸ್ಟು. ಸಾಗಿಸುವಾಗ ಪುಡಿಯಾಗದಿರಲಿ ಅಂತ ಯಾರೋ ನೀರು ಚಿಮುಕಿಸಿದ್ದರು. ರೈತ ದಲಾಲರ ಮೇಲೆ ಹೇಳಿದ, ನಾವು ಲಾರಿಯವರ ಮೇಲೆ ಹೇಳಿದೆವು. ಲಾರಿ ಬಾಡಿಗೆ ಮಾತ್ರ ಎರಡು ಸಲ ಬಿತ್ತು.

ಕೊನೆಗೆ ಕಾರ್ಖಾನೆಯ ಖರೀದಿ ಸಾಹೇಬರೇ ನಮ್ಮ ಅಂಗಡಿಗೆ ಬಂದು ಕುಳಿತರು. ಚಹಾ ಕುಡಿಯುತ್ತ ಒಂದು ಮಾತು ಹೇಳಿದರು: ಲ್ಯಾಬಿನಲ್ಲಿ ಪ್ರತಿ ಲಾಟಿನ ತೇವ, ಬಣ್ಣ ಅಳೆದು ಬರೆದಿಡುತ್ತಾರಂತೆ. ಆ ಚೀಟಿಯನ್ನು ಇಷ್ಟು ವರ್ಷ ನಮಗೆ ಯಾರೂ ತೋರಿಸಿರಲಿಲ್ಲ! ಬೆಳೆದವನಿಗೇ ತನ್ನ ಕಾಯಿಯ ಅಂಕ ಗೊತ್ತಿಲ್ಲದಿದ್ದರೆ ಅವನು ತಿದ್ದಿಕೊಳ್ಳುವುದಾದರೂ ಹೇಗೆ? ನನಗೆ ನಿಜಕ್ಕೂ ಸಂಕಟವಾಯಿತು. ಕರಾರಿನಲ್ಲಿ ದರ, ತೂಕ, ತಾರೀಕು ಎಲ್ಲ ಇತ್ತು. ಇದೊಂದು ಇರಲಿಲ್ಲ.

ಗದಗ ಹತ್ತಿರದ ಕಣಗಿನಹಾಳ ಗೊತ್ತಲ್ವಾ? 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಊರು. ಆಗಿನ ಕಾನೂನಿನಲ್ಲಿ ಹಳ್ಳಿ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ಹಾಗಾಗಿ ಒಬ್ಬನ ಹೊಲದ ಸುದ್ದಿ ಉಳಿದವರಿಗೂ ಬೇಕಿತ್ತು. ನಮ್ಮ ನಡುವೆ ಆ ಹೊಣೆಯೂ ಇರಲಿಲ್ಲ, ಸುದ್ದಿಯೂ ಇರಲಿಲ್ಲ.

ಅವತ್ತೇ ಎರಡು ಮಾತಾಯಿತು. ಲೋಡು ವಾಪಸಾದರೆ ಬಾಡಿಗೆ ಅರ್ಧ ಅವರದು, ಅರ್ಧ ನಮ್ಮದು. ಲ್ಯಾಬಿನ ಚೀಟಿ ಫೋನಿನಲ್ಲಿ ನಮಗೆ ಬರಬೇಕು. ಈಗ ಪ್ರತಿ ಲಾಟಿನಿಂದ ಒಂದು ಹಿಡಿ ಕಾಯಿ ಕವರಿನಲ್ಲಿ ಕಟ್ಟಿ, ರೈತನ ಹೆಸರು ಬರೆದು ಗಲ್ಲೆಯ ಪಕ್ಕ ಇಡುತ್ತೇವೆ. ಚೀಟಿ ಬಂದ ದಿನ ಆ ಕವರು ಬಿಚ್ಚಿ ರೈತನ ಕೈಯಲ್ಲೇ ಕಾಯಿ ಕೊಟ್ಟು, ಅಂಕ ಓದಿ ಹೇಳುತ್ತೇವೆ. ಮೊನ್ನೆ ಒಬ್ಬ ಯಜಮಾನರು ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಕಣದಲ್ಲಿ ಇನ್ನೆರಡು ದಿನ ಒಣಗಿಸ್ತೀನಿ ಅಂತ ಉಳಿದ ಚೀಲಗಳನ್ನು ಊರಿಗೆ ವಾಪಸ್ ಒಯ್ದರು.