ಕೌಳಿ ಪೊದೆಗೊಂದು ಗುರುತು ಕಟ್ಟಿ

ನಮಸ್ಕಾರ. ನನ್ನ ಸ್ನೇಹಿತನೊಬ್ಬನ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ. "ಸ್ಟ್ರಾಬೆರಿ ಹಾಕಲಾ?" ಅಂತ ಕೇಳಿದ. ಬೇಡ ಮಾರಾಯ ಅಂದೆ. ಸ್ಟ್ರಾಬೆರಿ ಬೆಳೆಯುವ ಮಹಾಬಲೇಶ್ವರ ನಾಲ್ಕು ಸಾವಿರ ಅಡಿಗೂ ಎತ್ತರ. ನಮ್ಮ ಸಾಗರ ಅದರ ಅರ್ಧವೂ ಇಲ್ಲ. ಅಲ್ಲದೆ ಆ ಹಣ್ಣು ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ದೂರ ಕಳಿಸಬೇಕು ಅಂತ ಅರೆಗೆಂಪಿಗೇ ಕಿತ್ತರೆ ಡಬ್ಬಿ ಚಂದ, ಬಾಯಿಗೆ ಸಪ್ಪೆ.

ಹಾಗಾದರೆ ಏನು ಬೆಳೆಯುವುದು? ನಮ್ಮ ಬ್ಯಾಣದಲ್ಲೇ, ಅಂದರೆ ತೋಟದಾಚೆಯ ಹುಲ್ಲುಗಾವಲಿನಲ್ಲೇ, ಇದೆಯಲ್ವಾ, ಕೌಳಿ ಹಣ್ಣು (ಕವಳಿ, ಕರಂಡೆ ಅಂತಲೂ ಅನ್ನುತ್ತಾರೆ)! ನಗಬೇಡಿ. ಮುಳ್ಳು, ಅಂಟು ಹಾಲು, ಹುಳಿ, ಎಲ್ಲ ನಿಜ. ಆದರೆ ಎಲ್ಲ ಪೊದೆಯೂ ಒಂದೇ ಅಲ್ಲ. ಒಂದರ ಹಣ್ಣು ಜೇನು, ಪಕ್ಕದ್ದು ತಿಂದರೆ ಹುಳಿಗೆ ಕಣ್ಣು ಮುಚ್ಚಿಹೋಗುತ್ತದೆ. ಯಾವುದು ಸಿಹಿ ಅಂತ ದನ ಕಾಯುವವರಿಗೆ, ಸೊಪ್ಪಿಗೆ ಹೋಗುವವರಿಗೆ ಗೊತ್ತು.

ಉಪ್ಪಿನಕಾಯಿಗೆ ಹಾಕುವ ಕಾಡು ಮಾವು ಅಪ್ಪೆಮಿಡಿಗೆ ನಾವು ಮಾಡಿದ್ದೂ ಹೀಗೆ ಒಳ್ಳೆಯದನ್ನು ಆರಿಸುವುದನ್ನೇ. ಹೊಳೆ ದಂಡೆಯ ಮರಗಳನ್ನು ಸೊನೆಯ ಪರಿಮಳದಲ್ಲೇ ಗುರುತಿಟ್ಟು, ಹೆಸರಿಟ್ಟು, ಕಸಿ ಕಟ್ಟಿ ಮನೆ ಹಿತ್ತಲಿಗೆ ತಂದೆವು. ಕೌಳಿಗೆ ಮಾತ್ರ ಯಾಕೋ ಆ ಮರ್ಯಾದೆ ಸಿಗಲಿಲ್ಲ. ಅತ್ತ ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದವರು 'ಕೊಂಕಣ್ ಬೋಲ್ಡ್' ಅಂತ ದಪ್ಪ ಹಣ್ಣಿನ ಕೌಳಿ ತಳಿಯನ್ನೇ ಕೊಟ್ಟಿದ್ದಾರೆ.

ಬೀಜ ಹಾಕಿದರೆ ತಾಯಿಗಿಡದ ಗುಣ ಹಾಗೇ ಬರುವುದಿಲ್ಲ. ಗೂಟಿ ಕಟ್ಟಬೇಕು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಬೇಕು. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ತೊಗಟೆಯನ್ನು ಬಳೆಯಂತೆ ಬಿಡಿಸಿ, ಒದ್ದೆ ಪಾಚಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಬಿಗಿಯುವುದು. ಮಳೆಗಾಲದಲ್ಲಿ ಪಾಚಿ ನಮಗೆ ಪುಕ್ಕಟೆ, ಮನೆ ಗೋಡೆ ಮೇಲೂ ಇರುತ್ತದೆ! ಸಿಹಿ ಎಷ್ಟು, ಹುಳಿ ಎಷ್ಟು ಅಂತ ಅಳೆಯಲು ನಮ್ಮ ಸಾಗರ ತಾಲೂಕಿನ ಇರುವಕ್ಕಿಯಲ್ಲೇ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಒಳ್ಳೆ ಪೊದೆ ಹುಡುಕಿಕೊಡುವುದು ಮಾತ್ರ ನಮ್ಮ ಪಾಲಿನ ಕೆಲಸ.

ಪೌಷ್ಟಿಕಾಂಶದ ಮಾತೂ ಹೇಳಬೇಕು. ಹಣ್ಣಿನ ಆ ಕಪ್ಪು-ನೇರಳೆ ಬಣ್ಣವೇ ಆಂಥೋಸಯನಿನ್ ಎಂಬ ಸಸ್ಯವರ್ಣಕ. ನೇರಳೆ ಹಣ್ಣಿನಲ್ಲಿರುವುದೂ ಅದೇ. ಗಿಡದಲ್ಲೇ ಪೂರ್ತಿ ಕಪ್ಪಾಗಲು ಬಿಟ್ಟರೆ ಅದು ಜಾಸ್ತಿ. ಆದರೆ ಅಂಥ ಹಣ್ಣು ಎರಡು-ಮೂರು ದಿನಕ್ಕಿಂತ ತಡೆಯುವುದಿಲ್ಲ. ಹಾಗಾಗಿ ಹತ್ತಿರದಲ್ಲೇ ಮಾರಿ, ಉಳಿದದ್ದನ್ನು ಜೆಲ್ಲಿ ಮಾಡಿ. ಕೌಳಿಯಲ್ಲಿ ಪೆಕ್ಟಿನ್ ಚೆನ್ನಾಗಿದೆ, ತಾನಾಗೇ ಗಟ್ಟಿಯಾಗುತ್ತದೆ. ಸುಮ್ನೆ ಗಂಟೆಗಟ್ಟಲೆ ಕುದಿಸಬೇಡಿ, ಬಣ್ಣವೂ ಹೋಗುತ್ತದೆ, ಸಿ ವಿಟಮಿನ್ನೂ ಹೋಗುತ್ತದೆ.

ನಮ್ಮ ಬ್ಯಾಣದ ಮೂಲೆಯ ಪೊದೆಯೊಂದಕ್ಕೆ ಈ ಸಲ ಕೆಂಪು ಬಟ್ಟೆ ಕಟ್ಟಿ ಬಂದಿದ್ದೇನೆ. ಮಳೆ ಹಿಡಿದ ಮೇಲೆ ಹತ್ತು ಗೂಟಿ ಕಟ್ಟುವುದು. ಎಷ್ಟು ಬೇರು ಬಿಟ್ಟವು ಅಂತ ದಸರಾ ಹೊತ್ತಿಗೆ ಹೇಳುತ್ತೇನೆ.