ಹಿಮದ ಇಳಿಜಾರಿಗೆ ಯಾವ ಕ್ಯಾಮೆರಾ?

ಕೇಳುಗರೇ, ನಮಸ್ಕಾರ.

ಸ್ಕೀಯಿಂಗಿಗೆ ಹೊರಟವರು ಕ್ಯಾಮೆರಾ ಕೊಳ್ಳುವಾಗ ಮೊದಲು ಕೇಳುವುದು, ಎಷ್ಟು ಮೆಗಾಪಿಕ್ಸೆಲ್ ಇರಬೇಕು ಅಂತ. ನಾನು ತಿರುಗಿ ಕೇಳುವುದು ಬೇರೆ. ಅದನ್ನು ಯಾವ ಜೇಬಿನಲ್ಲಿ ಇಡುತ್ತೀರಿ?

ತಮಾಷೆಗೆ ಹೇಳುತ್ತಿಲ್ಲ. ಇಳಿಜಾರಿನಲ್ಲಿ ಎರಡೂ ಕೈಯಲ್ಲಿ ಕೋಲು ಇರುತ್ತದೆ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಗಾಗಲ್ಸ್. ಬೆನ್ನಿನ ಚೀಲದಲ್ಲಿ ಎಂಥ ಒಳ್ಳೆಯ ಕ್ಯಾಮೆರಾ ಇದ್ದರೇನು? ನಿಂತು, ಚೀಲ ಇಳಿಸಿ, ಜಿಪ್ ಎಳೆದು, ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಜೊತೆಯವರು ಕೆಳಗೆ ತಲುಪಿ ಕೈ ಬೀಸುತ್ತಿರುತ್ತಾರೆ. ಮೊದಲ ದಿನ ನಾಲ್ಕು ಸಲ ತೆಗೆಯುತ್ತೀರಿ. ಎರಡನೆಯ ದಿನ ಒಂದೇ ಸಲ. ಮೂರನೆಯ ದಿನ ಅದು ರೂಮಿನಲ್ಲೇ ಉಳಿಯುತ್ತದೆ. ನನ್ನ ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾದ ಕಥೆ ಆಗಿದ್ದು ಇಷ್ಟೇ.

ಇನ್ನು ಬೀಳುವ ವಿಷಯ. ಬೀಳದೆ ಸ್ಕೀಯಿಂಗ್ ಕಲಿತವರು ಯಾರಿದ್ದಾರೆ ಹೇಳಿ? ಕುತ್ತಿಗೆಗೆ ಭಾರದ ಕ್ಯಾಮೆರಾ ನೇತುಹಾಕಿಕೊಂಡು ಮುಗ್ಗರಿಸಿದರೆ ಅದು ಬಂದು ಬಡಿಯುವುದು ಪಕ್ಕೆಲುಬಿಗೆ, ಇಲ್ಲವೇ ಹಲ್ಲಿಗೆ. ಹಾಗಾಗಿ ಚಿಕ್ಕದು, ಹಗುರವಾದದ್ದು, ಜಾಕೆಟ್ಟಿನ ಜೇಬಿಗೆ ಇಳಿಯುವಂಥದ್ದು. ಮೊದಲ ಜರಡಿ ಇದು.

ಆದರೆ ಚಿಕ್ಕದಾದರೆ ಸಾಲದು. ಒಮ್ಮೆ ನನ್ನ ಪುಟ್ಟ ಕ್ಯಾಮೆರಾ ಕೈಜಾರಿ ಹಿಮಕ್ಕೆ ಬಿತ್ತು. ಮೆತ್ತನೆಯ ಹಿಮ, ಏನೂ ಆಗಿರಲ್ಲ ಅಂದುಕೊಂಡೆ. ಲೆನ್ಸಿನ ಕೊಳವೆ ಹೊರಗೆ ಚಾಚಿಕೊಂಡಿತ್ತು. ಅದರ ಸಂದಿಗೆ ಹಿಮ ಸೇರಿ, ಜೇಬಿನ ಬಿಸಿಗೆ ಕರಗಿ, ಹೊರಗೆ ತೆಗೆದಾಗ ಮತ್ತೆ ಗಟ್ಟಿಯಾಯಿತು. ಆಮೇಲೆ ಲೆನ್ಸ್ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ.

ಲೆನ್ಸ್ ಹೊರಗೆ ಚಾಚದ ಕ್ಯಾಮೆರಾಗಳೂ ಇವೆ. ಒಳಗೆ ಒಂದು ಪಟ್ಟಕ, ಅಂದರೆ ಗಾಜಿನ ಪ್ರಿಸಂ, ಬೆಳಕನ್ನು ಲಂಬಕೋನಕ್ಕೆ ತಿರುಗಿಸುತ್ತದೆ. ಲೆನ್ಸುಗಳೆಲ್ಲ ಡಬ್ಬಿಯೊಳಗೇ ಮೇಲೆ ಕೆಳಗೆ ಸರಿದಾಡುತ್ತವೆ. 2002ರಲ್ಲಿ ಬಂದ ಮಿನೋಲ್ಟಾ ಡಿಮಾಜ್ ಎಕ್ಸ್ ಹೀಗೆ ಮಾಡಿ ಚಪ್ಪಟೆ ಪೆಟ್ಟಿಗೆಯಂತಿತ್ತು. ನೀರಿಗೂ ಪೆಟ್ಟಿಗೂ ಜಗ್ಗದ ಗಟ್ಟಿ ಕ್ಯಾಮೆರಾಗಳಲ್ಲಿ ಈ ಉಪಾಯ ಚೆನ್ನಾಗಿ ನೆಲೆಯೂರಿತು. ಒಲಿಂಪಸ್ ಟಿಜಿ-6 ನೋಡಿ. 15 ಮೀಟರ್ ನೀರಿನ ಆಳ, 2.1 ಮೀಟರ್ ಎತ್ತರದಿಂದ ಬಿದ್ದ ಪೆಟ್ಟು, ಮೈನಸ್ 10 ಡಿಗ್ರಿ ಚಳಿ, ಇವಿಷ್ಟನ್ನು ತಡೆಯುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಸಾಮಾನ್ಯ ಕ್ಯಾಮೆರಾದ ಕೈಪಿಡಿ ತೆರೆದರೆ ಹೆಚ್ಚಾಗಿ ಕಾಣುವುದು ಸೊನ್ನೆಯಿಂದ 40 ಡಿಗ್ರಿ. ಸೊನ್ನೆಯ ಕೆಳಗೆ ಹೋದ ತಕ್ಷಣ ಕೆಟ್ಟೇ ಹೋಗುತ್ತದೆ ಅಂತಲ್ಲ. ಕೆಟ್ಟರೆ ಮಾತ್ರ ಕೇಳುವವರಿಲ್ಲ.

ಇಂಥ ಗಟ್ಟಿ ಕ್ಯಾಮೆರಾ ಅಂದರೆ ಫೋಟೋ ಹುಚ್ಚಿನವರು ಮೂಗು ಮುರಿಯುತ್ತಾರೆ. ಅದರ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಬಿಲ್ಲೆ, ಪುಟ್ಟದು. 6 ಮಿಲಿಮೀಟರ್ ಚಿಲ್ಲರೆ ಅಗಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಕತ್ತಲಲ್ಲಿ ಚಿತ್ರ ಮರಳು ಚೆಲ್ಲಿದ ಹಾಗೆ ಬರುತ್ತದೆ, ನಿಜ. ಆದರೆ ನಾವು ಹೊರಟಿರುವುದು ಎಲ್ಲಿಗೆ? ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ 80ರಿಂದ 90 ಪಾಲನ್ನು ವಾಪಸ್ ಕಳಿಸುತ್ತದೆ. ಅಷ್ಟು ಬೆಳಕಿರುವಾಗ ಪುಟ್ಟ ಸೆನ್ಸರಿಗೂ ಕಷ್ಟವಿಲ್ಲ. ಹಾರುವ ಸ್ಕೀಯರನ್ನು ಹಿಡಿದು ನಿಲ್ಲಿಸಲು ಸೆಕೆಂಡಿನ 1,000ದ ಒಂದು ಪಾಲಿನ ಶಟರ್ ವೇಗ ಬೇಕು. ಬಿಸಿಲಿದ್ದರೆ ಅದು ಸುಲಭವಾಗಿ ಸಿಗುತ್ತದೆ. ಸಂಜೆಯ ದೀಪಗಳ ಚಿತ್ರವೇ ಮುಖ್ಯ ಅನ್ನುವವರು ಮಾತ್ರ ಬೇರೆ ಲೆಕ್ಕ ಹಾಕಬೇಕು.

ಹಿಮದ ಬಿಳಿಯೇ ಇನ್ನೊಂದು ತಲೆನೋವು. ಎದುರಿಗಿರುವುದು ಸರಾಸರಿಯಲ್ಲಿ ನಡುವಿನ ಬೂದು ಬಣ್ಣ ಎಂದುಕೊಂಡೇ ಕ್ಯಾಮೆರಾದ ಮೀಟರ್ ಬೆಳಕು ಅಳೆಯುತ್ತದೆ. ಎಲ್ಲೆಲ್ಲೂ ಬಿಳಿ ಕಂಡರೆ, ಅಯ್ಯೋ ಬೆಳಕು ಜಾಸ್ತಿ ಆಯ್ತು ಅಂತ ತಾನೇ ತಗ್ಗಿಸುತ್ತದೆ. ಹಿಮ ಬೂದು ಬಣ್ಣವಾಗುತ್ತದೆ. ಮುಖ ಕಪ್ಪಾಗುತ್ತದೆ. ಒಂದರಿಂದ ಎರಡು ಸ್ಟಾಪ್ ಏರಿಸಿದರೆ ಸರಿಹೋಗುತ್ತದೆ; ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು. ಹಾಗೆ ಏರಿಸಲು ಗಿರಗಟ್ಟೆಯೋ ಗುಂಡಿಯೋ ಕೈಗೆ ಸಿಗುವಂತಿರಬೇಕು. ಮೆನುವಿನೊಳಗೆ ಐದು ಮೆಟ್ಟಿಲು ಇಳಿಯಬೇಕಾದರೆ ಗ್ಲೌಸ್ ಹಾಕಿದ ಕೈಯಲ್ಲಿ ಅದು ಆಗದ ಕೆಲಸ. ಸ್ನೋ ಅನ್ನುವ ಸೀನ್ ಮೋಡ್ ಇದ್ದರೆ ಅದೂ ಆದೀತು.

ಗ್ಲೌಸ್ ಅಂದೆ ಅಲ್ವಾ. ಕ್ಯಾಮೆರಾ ನೋಡಲು ಹೋಗುವಾಗ ನಿಮ್ಮ ಸ್ಕೀ ಗ್ಲೌಸ್ ತಗೊಂಡೇ ಹೋಗಿ. ಅಂಗಡಿಯವರು ವಿಚಿತ್ರವಾಗಿ ನೋಡಲಿ, ಪರವಾಗಿಲ್ಲ. ಗ್ಲೌಸ್ ಹಾಕಿಕೊಂಡೇ ಆನ್ ಮಾಡಿ, ಜೂಮ್ ಮಾಡಿ, ಶಟರ್ ಒತ್ತಿ. ಎಲ್ಲವೂ ಟಚ್ ಸ್ಕ್ರೀನಿನಲ್ಲೇ ಇರುವ ಕ್ಯಾಮೆರಾ ಅಲ್ಲೇ ಸೋಲುತ್ತದೆ. ಗಾಗಲ್ಸನ್ನೂ ಒಯ್ಯಿರಿ. ಅದು ಪೋಲರೈಸ್ಡ್, ಅಂದರೆ ಕಣ್ಣು ಕುಕ್ಕುವ ಹೊಳಪನ್ನು ಸೋಸುವಂಥದ್ದು, ಆಗಿದ್ದರೆ, ಕ್ಯಾಮೆರಾವನ್ನು ಅಡ್ಡ ಹಿಡಿದಾಗಲೋ ಉದ್ದ ಹಿಡಿದಾಗಲೋ ಸ್ಕ್ರೀನ್ ಪೂರ್ತಿ ಕಪ್ಪಾಗಿ ಕಾಣಬಹುದು. ಬೆಟ್ಟದ ಮೇಲೆ ಹೀಗಾದರೆ ಕ್ಯಾಮೆರಾ ಕೆಟ್ಟಿತು ಅಂತಲೇ ಅನಿಸುತ್ತದೆ.

ಹೆಲ್ಮೆಟ್ಟಿಗೆ ಸಿಕ್ಕಿಸುವ ಆಕ್ಷನ್ ಕ್ಯಾಮೆರಾ ಸಾಲದೇ ಅಂತ ಕೇಳಬಹುದು. ನಿಮ್ಮ ಓಟದ ವಿಡಿಯೋಗೆ ಅದಕ್ಕಿಂತ ಒಳ್ಳೆಯದಿಲ್ಲ. ಅಂದಹಾಗೆ, ಈ ಕ್ಯಾಮೆರಾಗಳಿಗೆ ಹೆಸರಾದ ಗೋಪ್ರೊ ಕಂಪನಿಯ ಮೊದಲ ಕ್ಯಾಮೆರಾ, 2004ರಲ್ಲಿ ಬಂದದ್ದು, ಡಿಜಿಟಲ್ ಅಲ್ಲವೇ ಅಲ್ಲ, 35 ಮಿಲಿಮೀಟರ್ ರೀಲು ಹಾಕುವ ಕ್ಯಾಮೆರಾ! ಆದರೆ ಆಕ್ಷನ್ ಕ್ಯಾಮೆರಾದ ಲೆನ್ಸ್ ತುಂಬಾ ಅಗಲದ ನೋಟ ಹಿಡಿಯುತ್ತದೆ. ಅದರಲ್ಲಿ 20 ಮೀಟರ್ ದೂರದ ಗೆಳೆಯ ಇರುವೆಯಾಗುತ್ತಾನೆ. ಎದೆ ನಡುಗಿಸಿದ ಕಡಿದಾದ ಇಳಿಜಾರು ಆಟದ ಬಯಲಿನ ಹಾಗೆ ಚಪ್ಪಟೆ ಕಾಣುತ್ತದೆ. ಜನರ ಚಿತ್ರ ಬೇಕಿದ್ದರೆ ಮೂರು ನಾಲ್ಕು ಪಟ್ಟು ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಸರಿದು ಹತ್ತಿರ ತರುವ ಜೂಮ್, ಇರಲಿ. ಡಿಜಿಟಲ್ ಜೂಮಿನ ಅಂಕೆ ನೋಡಲೇ ಬೇಡಿ, ಅದು ಚಿತ್ರದ ತುಂಡನ್ನು ಹಿಗ್ಗಿಸುವುದಷ್ಟೇ.

ಬ್ಯಾಟರಿ ವಿಷಯದಲ್ಲಿ ಜಿಪುಣತನ ಬೇಡ, ಎರಡು ಇರಲಿ. ಚಳಿಗೆ ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಅರ್ಧ ತುಂಬಿದ್ದರೂ ಖಾಲಿ ಅನ್ನುತ್ತದೆ. ಸತ್ತಿಲ್ಲ, ಮರಗಟ್ಟಿದೆ ಅಷ್ಟೇ. ಮೈಗೆ ತಾಗುವ ಜೇಬಿನಲ್ಲಿ ಬೆಚ್ಚಗೆ ಇಟ್ಟರೆ ಮತ್ತೆ ಎದ್ದು ಕೂರುತ್ತದೆ. ಅದಕ್ಕೇ ಬ್ಯಾಟರಿ ಸುಲಭವಾಗಿ ಬದಲಿಸುವಂತಿರುವ ಕ್ಯಾಮೆರಾ ನೋಡಿ. ಹಾಗಂತ ಕ್ಯಾಮೆರಾವನ್ನೂ ಆ ಒಳಜೇಬಿಗೇ ತುರುಕಬೇಡಿ. ಅಲ್ಲಿ ಬೆವರಿನ ಆವಿ ಇರುತ್ತದೆ. ಹೊರಗೆ ತೆಗೆದ ಕೂಡಲೇ ಲೆನ್ಸಿನ ಮೇಲೆ ಅದು ಹೆಪ್ಪುಗಟ್ಟಬಹುದು. ಜಾಕೆಟ್ಟಿನ ಎದೆಯ ಜೇಬು ಸರಿಯಾದ ಜಾಗ. ಲೆನ್ಸಿನ ಮೇಲೆ ಹಿಮ ಕೂತರೆ ಬಾಯಿಂದ ಊದಬೇಡಿ, ಒಣಬಟ್ಟೆಯಲ್ಲಿ ಮೆಲ್ಲಗೆ ಕೊಡವಿ.

ಸಂಜೆ ಬೆಚ್ಚನೆಯ ಕೋಣೆಗೆ ಕಾಲಿಡುವ ಮುಂಚೆ ಒಂದು ಕೆಲಸ ಇದೆ. ತಣ್ಣಗಾದ ಕ್ಯಾಮೆರಾ ಬಿಸಿಗಾಳಿ ಸೋಕಿದರೆ ಒಳಗೂ ಹೊರಗೂ ಬೆವರುತ್ತದೆ. ಹೊರಗೇ ನಿಂತು ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ. ಆಗ ಹನಿ ಕೂರುವುದು ಚೀಲದ ಮೇಲೆ. ಒಂದೆರಡು ಗಂಟೆ ತೆರೆಯುವ ಹಾಗಿಲ್ಲ. ಆದ್ದರಿಂದ ಚೀಲಕ್ಕೆ ಹಾಕುವ ಮುನ್ನ ಮೆಮೊರಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಯಾರು ಹೇಗೆ ಬಿದ್ದರು ಅಂತ ನೋಡಲು ಒಳಗಿರುವವರು ಅಷ್ಟು ಹೊತ್ತು ಕಾಯುವುದಿಲ್ಲ.

ನಮಸ್ಕಾರ.