ಮಗ್ಗ ಸದ್ದು ಮಾಡದ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಸುತ್ತಮುತ್ತಲಿನ ನೇಕಾರರು, ಕಸೂತಿ ಹಾಕುವವರು, ಚಿತ್ರ ಬರೆಯುವವರು ಹೇಗೆ ಬದುಕುತ್ತಾರೆ, ಹೇಗೆ ಕೆಲಸ ಮಾಡುತ್ತಾರೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಹದಿನೈದು ನಿಮಿಷ ಕೊಟ್ಟಿದ್ದಾರೆ. ವಿಷಯ ದೊಡ್ಡದು, ಹೊತ್ತು ಚಿಕ್ಕದು. ಹಾಗಾಗಿ ನಾನು ಒಂದೇ ಮಾತು ಹೇಳುವವಳು, ಅದನ್ನೇ ತಿರುಗಿ ತಿರುಗಿ ಹೇಳುವವಳು. ಬೇಜಾರಾದರೆ ರೇಡಿಯೋ ಸಣ್ಣ ಮಾಡಿಕೊಂಡು ರೊಟ್ಟಿ ಬಡಿಯುವುದನ್ನು ಮುಂದುವರಿಸಿ, ನನಗೇನೂ ಸಿಟ್ಟಿಲ್ಲ.

ಮಾತು ಇಷ್ಟೇ. ಮೊದಲು ಹಾಸು, ಆಮೇಲೆ ಹೊಕ್ಕು.

ಹಾಸುಹೊಕ್ಕು ಅನ್ನುವ ಪದ ಎಲ್ಲರ ಬಾಯಲ್ಲೂ ಇದೆ. ಲಂಚ ಹಾಸುಹೊಕ್ಕಾಗಿದೆ ಅಂತ ಪೇಪರಿನಲ್ಲೂ ಬರುತ್ತದೆ. ಆದರೆ ಹಾಸು ಯಾವುದು, ಹೊಕ್ಕು ಯಾವುದು ಅಂತ ಕೇಳಿದರೆ ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಪಕ್ಕದವರ ಮುಖ ನೋಡುತ್ತಿದ್ದರು. ಮಗ್ಗದ ಉದ್ದಕ್ಕೆ ಬಿಗಿಯಾಗಿ ಕಟ್ಟಿರುವ ಎಳೆ ಹಾಸು. ಲಾಳಿಯೊಳಗೆ ಕೂತು ಆ ಕಡೆಯಿಂದ ಈ ಕಡೆಗೆ ಓಡುವ ಎಳೆ ಹೊಕ್ಕು. ಲಾಳಿ ಓಡುವುದನ್ನು ನೋಡಲು ಚಂದ. ಸದ್ದೂ ಚಂದ. ಮಂತ್ರಿಗಳು ಬಂದಾಗ, ಟಿವಿಯವರು ಬಂದಾಗ ಎಲ್ಲರೂ ಲಾಳಿಯ ಮುಂದೆಯೇ ನಿಲ್ಲುತ್ತಾರೆ. ಹಾಸು ಹೂಡುವವರ ಫೋಟೋ ಯಾವ ಪೇಪರಿನಲ್ಲಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ.

ಈಗ ಒಂದು ಪ್ರಸಂಗ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಇಂಥದ್ದೇ ಒಂದು ರೇಡಿಯೋ ಕಾರ್ಯಕ್ರಮಕ್ಕೆ ಮಗ್ಗದ ಸದ್ದು ಬೇಕಾಗಿತ್ತು. "ಮೇಡಂ, ನೀವು ಹೇಗೂ ಇಳಕಲ್ಲಿಗೆ ಹೋಗುತ್ತಿರುತ್ತೀರಲ್ಲ, ಹಿಡಿದುಕೊಂಡು ಬನ್ನಿ" ಅಂದರು. ಸದ್ದನ್ನು ಹಿಡಿದುಕೊಂಡು ಬರುವುದು ಅಂದರೆ ಅಂಗಡಿಯಿಂದ ಬೆಲ್ಲ ತಂದಷ್ಟೇ ಸಲೀಸು ಅಂತ ನಾನೂ ಅಂದುಕೊಂಡೆ. ಒಂದು ಟೇಪ್ ರೆಕಾರ್ಡರ್, ನಾಲ್ಕು ಸೆಲ್ಲು, ಚೀಲದಲ್ಲಿ ಬುತ್ತಿ. ಬೆಳಗಿನ ಬಸ್ಸಿಗೆ ಹೊರಟೆ.

ನನಗೆ ಗೊತ್ತಿದ್ದ ಒಂದು ಮನೆ. ಒಳಗೆ ಕಾಲಿಟ್ಟರೆ ಎದುರಿಗೇ ಕುಣಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ಕೂರುವಂಥದ್ದು. ಆ ಗುಂಡಿ ಖಾಲಿ ಇತ್ತು. ಮನೆಯೊಡತಿಯೂ ಅವರ ಅತ್ತೆಯೂ ಬಾಗಿಲ ಬೆಳಕಿಗೆ ಎಳೆಗಳನ್ನು ಬಿಗಿದುಕೊಂಡು ಎದುರುಬದುರು ಕೂತಿದ್ದರು. ಮಾತಿಲ್ಲ. ಬೆರಳು ಮಾತ್ರ ಆಡುತ್ತಿದ್ದವು. ಹುಡುಗನೊಬ್ಬ ಮೂಲೆಯಲ್ಲಿ ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಸುತ್ತುತ್ತಿದ್ದ.

ಏನು ನಡೀತಿತ್ತು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕತೆ ಅರ್ಥ ಆಗಲ್ಲ. ಇಳಕಲ್ ಸೀರೆಯ ಒಡಲಿಗೇ ಬೇರೆ ಹಾಸು, ಸೆರಗಿಗೇ ಬೇರೆ ಹಾಸು. ಒಡಲಿನದು ಹತ್ತಿ ಅಂತ ಇಟ್ಟುಕೊಳ್ಳಿ, ಸೆರಗಿನದು ಕೆಂಪು ರೇಷ್ಮೆ. ಇವೆರಡನ್ನೂ ಸೇರಿಸಬೇಕು. ಹೊಲಿಯುವ ಹಾಗಿಲ್ಲ, ಗಂಟು ಹಾಕುವ ಹಾಗಿಲ್ಲ. ಒಡಲಿನ ಎಳೆಯ ತುದಿಯಲ್ಲಿ ಒಂದು ಕುಣಿಕೆ, ಅದರೊಳಗೆ ಸೆರಗಿನ ಎಳೆಯ ಕುಣಿಕೆ. ಎರಡು ಕೈಯ ತೋರುಬೆರಳು ಬಗ್ಗಿಸಿ ಒಂದಕ್ಕೊಂದು ಸಿಕ್ಕಿಸಿ ಎಳೆದು ನೋಡಿ, ಹಾಗೆ. ಇದಕ್ಕೆ ಕೊಂಡಿ ಅನ್ನುತ್ತಾರೆ. ಸೀರೆಯ ಅಗಲಕ್ಕೆ ಎಷ್ಟು ಎಳೆ ಇದೆಯೋ ಅಷ್ಟು ಕೊಂಡಿ. ಸಾವಿರಾರು. ಒಂದು ಸೀರೆ ಮುಗಿದ ಮೇಲೆ ಇನ್ನೊಂದಕ್ಕೆ ಮತ್ತೆ ಮೊದಲಿನಿಂದ. ಬೇರೆ ಕಡೆ ಒಂದು ಹಾಸು ಹೂಡಿದರೆ ನಾಲ್ಕಾರು ಸೀರೆ ಇಳಿಯುತ್ತದೆ, ಇಲ್ಲಿ ತೋಪು ತೆನಿ, ಅಂದರೆ ಬಿಳಿ ಕೆಂಪು ಪಟ್ಟಿಯ ಈ ಸೆರಗು, ಬೇಕು ಅಂದರೆ ಒಂದೊಂದು ಸೀರೆಗೂ ಹೀಗೆ ಕೂರಬೇಕು.

ನಾನು ಟೇಪ್ ಒತ್ತಿದೆ. ಕಾಯ್ದೆ. ಹತ್ತು ಗಂಟೆ ಆಯಿತು, ಹನ್ನೊಂದಾಯಿತು. ಚಹಾ ಬಂತು. ಮನೆಯ ಯಜಮಾನರು ಬಂದರು, ಮಾತಾಡಿಸಿದರು, ಹೋದರು. ನಾನು ಟೇಪ್ ನಿಲ್ಲಿಸಿದೆ, ಮತ್ತೆ ಒತ್ತಿದೆ. ಹನ್ನೆರಡಕ್ಕೆ ನನ್ನ ತಾಳ್ಮೆ ಮುಗೀತು. ಸಂಜೆ ಬಸ್ಸು ಹಿಡಿಯಬೇಕು ನೋಡಿ.

"ನೇಯೋದು ಯಾವಾಗ ಚಾಲೂ ಮಾಡ್ತೀರಿ?" ಅಂದೆ.

ಆಕೆ ತಲೆ ಎತ್ತಲಿಲ್ಲ. "ಮತ್ತ ಈಗ ಏನ್ ಮಾಡಾಕತ್ತೇವ್ರೀ ಅಕ್ಕಾರ?" ಅಂದರು.

ನಾನು ಪೆಚ್ಚು ನಗೆ ನಕ್ಕು, ಅದಲ್ಲ, ಮಗ್ಗದ ಸದ್ದು ಬೇಕಿತ್ತು, ರೇಡಿಯೋಕ್ಕೆ ಅಂದೆ. ಅತ್ತೆ ಅದುವರೆಗೂ ಸುಮ್ಮನಿದ್ದವರು ನನ್ನ ಟೇಪ್ ರೆಕಾರ್ಡರ್ ಕಡೆ ಒಮ್ಮೆ ನೋಡಿ, "ನಿಮ್ಮ ಮಷೀನಿಗೆ ಇದು ಕೇಳಸಂಗಿಲ್ಲೇನ್ರೀ?" ಅಂದರು. ವ್ಯಂಗ್ಯ ಅಲ್ಲ. ನಿಜವಾಗಿಯೂ ಕೇಳಿದ್ದು.

ಅಷ್ಟರಲ್ಲಿ ಸೊಸೆ "ಅಯ್ಯ" ಅಂದರು. ಹಿಂದೆಲ್ಲೋ ಒಂದು ಎಳೆ ಪಕ್ಕದ ಎಳೆಯನ್ನು ದಾಟಿಬಿಟ್ಟಿತ್ತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ, ತೋರಿಸಿದ ಮೇಲೂ ಕಾಣಲಿಲ್ಲ. ಅಲ್ಲಿಂದ ಇಲ್ಲಿಯವರೆಗಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಯಾರೂ ಯಾರನ್ನೂ ಬೈಯಲಿಲ್ಲ. ಅತ್ತೆ ಎಣಿಸುತ್ತಾ ಹೋದರು, ಸೊಸೆ ಮತ್ತೆ ಹಾಕುತ್ತಾ ಬಂದರು. "ಒಂದೇ ಎಳೆ ಅಲ್ವಾ, ಯಾರಿಗೆ ಗೊತ್ತಾಗುತ್ತೆ?" ಅಂತ ನಾನು ಕೇಳಿಯೇಬಿಟ್ಟೆ. ಮಗ್ಗಕ್ಕೆ ಗೊತ್ತಾಗುತ್ತದೆ ಅಂದರು. ದಾಟಿದ ಎಳೆ ಬಾಚಣಿಗೆಯಂಥ ಹಣಿಗೆಯ ಹತ್ತಿರ ಸಿಕ್ಕಿಕೊಂಡು ಹರಿಯುತ್ತದೆ, ನೇಯುವವರು ದಿನವಿಡೀ ಹರಿದ ಎಳೆ ಕಟ್ಟುತ್ತಾ ಕೂರಬೇಕಾಗುತ್ತದೆ, ಆಮೇಲೆ ಸೆರಗಿನಲ್ಲಿ ಉದ್ದಕ್ಕೂ ಗೆರೆ ಬೀಳುತ್ತದೆ.

ಆ ಸಂಜೆ ಬಸ್ಸು ತಪ್ಪಿತು. ಮಾರನೇ ದಿನ ಅಮಾವಾಸ್ಯೆ, ಆ ಮನೆಯಲ್ಲಿ ಅವತ್ತು ಮಗ್ಗ ಮುಟ್ಟುವುದಿಲ್ಲ. ನನ್ನ ಹಣೆಬರಹ! ಕೊನೆಗೆ ಆಚೆ ಓಣಿಯ ಇನ್ನೊಂದು ಮನೆಯಲ್ಲಿ ಎರಡು ನಿಮಿಷದ ಲಟಕ್ ಪಟಕ್ ಸಿಕ್ಕಿತು, ಪ್ರಸಾರ ಆಗಿದ್ದೂ ಅದೇ. ಮೊದಲ ಟೇಪಿನಲ್ಲಿ ಇದ್ದದ್ದು ಕುಕ್ಕರಿನ ಸೀಟಿ, ಸೊಪ್ಪಿನವಳ ಕೂಗು, ಕಂಡಿಕೆ ಸುತ್ತುವ ರಾಟೆಯ ಕಿರಕಿರ, ನಡುವೆ ಮುದುಕಿಯೊಬ್ಬರು ಎಂಬತ್ತೊಂದು, ಎಂಬತ್ತೆರಡು ಅಂತ ಎಣಿಸುವ ಧ್ವನಿ. "ಇದರಲ್ಲಿ ಏನೂ ಇಲ್ವಲ್ಲ ಮೇಡಂ" ಅಂದರು ಕೇಳಿದವರು. ಆ ಟೇಪ್ ಇನ್ನೂ ನನ್ನ ಹತ್ತಿರ ಇದೆ.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಮೊದಲು ಹೇಳುವ ಮಾತೇ "ಮೂಡ್ ಬರ್ತಿಲ್ಲ ಮೇಡಂ" ಅಂತ. ಏನಪ್ಪಾ ಮೂಡ್ ಅಂದರೆ? ಆ ಇಳಕಲ್ಲಿನ ಹೆಣ್ಣುಮಗಳಿಗೆ ಮೂಡ್ ಇತ್ತಾ? ನೂಲು ಬಂದಿತ್ತು, ಬೆಳಕಿತ್ತು, ಕೂತರು. ಮೂಡ್ ಇಲ್ಲದಿದ್ದರೆ ಕುಂಚ ತೊಳೆಯಿರಿ. ಕಾಗದ ಕತ್ತರಿಸಿ. ಬಣ್ಣ ಅರೆಯಿರಿ. ಹಾಸು ಹೂಡಿ ಅಂತ ಹೇಳುವುದು ಇದನ್ನೇ.

ಕಸೂತಿಗೆ ಬರುತ್ತೇನೆ. ಧಾರವಾಡದ ಸುತ್ತ ಇರುವವರಿಗೆ ನಾನು ಕಸೂತಿ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಗಾವಂತಿ, ಮುರಗಿ, ನೇಗಿ, ಮೆಂತಿ. ನಾಲ್ಕೇ ಹೊಲಿಗೆ. ಇದರಲ್ಲೇ ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು, ಆನೆ, ನವಿಲು. ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಇಲ್ಲ, ಅಚ್ಚು ಇಲ್ಲ. ಎಳೆ ಎಣಿಸಬೇಕು, ಅಷ್ಟೇ. ಗಾವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ವಾಪಸು ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಅಂದರೆ ಹೊರಡುವಾಗಲೇ ಬರುವ ದಾರಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ತೇರಿನ ನಡುವೆ ಸಿಕ್ಕಿಹಾಕಿಕೊಂಡು ಗಂಟು ಹಾಕಬೇಕಾಗುತ್ತದೆ, ಕಸೂತಿಯಲ್ಲಿ ಗಂಟು ಹಾಕಿದರೆ ಮರ್ಯಾದೆ ಹೋಯಿತು ಅಂತಲೇ ಲೆಕ್ಕ.

ನಾನು ಮೊದಲು ಹಾಕಿದ ಗೋಪುರದ ಕಳಸ ವಾಲಿತ್ತು. ಬುಡದಲ್ಲಿ ಒಂದೇ ಒಂದು ಎಳೆ ಲೆಕ್ಕ ತಪ್ಪಿತ್ತು. ನಮ್ಮ ದೊಡ್ಡವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ಹೇಳದೆ, ಬುಡದವರೆಗೂ ಬಿಚ್ಚಿ ಕೈಗೆ ಕೊಟ್ಟರು. ನಾನು ಅತ್ತುಬಿಟ್ಟೆ. ಅವರು ಚಂದ್ರಕಾಳಿ ಸೀರೆಗೆ ಕಸೂತಿ ಹಾಕುವವರು. ಚಂದ್ರಕಾಳಿ ಅಂದರೆ ಕಪ್ಪು ಸೀರೆ. ಕಪ್ಪಿನ ಮೇಲೆ ದೀಪದ ಬೆಳಕಿನಲ್ಲಿ ಎಳೆ ಕಾಣಲ್ಲ, ಹಾಗಾಗಿ ಅವರ ಕೆಲಸ ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ, ಬಿಸಿಲು ಬಾಗಿಲಿನಿಂದ ಹೊರಗೆ ಹೋಗುವವರೆಗೆ. ಅಷ್ಟೇ ಹೊತ್ತು. ಆಮೇಲೆ ಯಾರು ಕರೆದು ಕೂರಿಸಿದರೂ ಸೂಜಿ ಮುಟ್ಟುತ್ತಿರಲಿಲ್ಲ. ಕೆಲಸದ ಹೊತ್ತು ಅಂದರೆ ಇದು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಬರೆದೆ ಅಂತ ಜಂಬ ಪಡುವವರ ಕೆಲಸದಲ್ಲಿ ವಾಲಿದ ಕಳಸಗಳೇ ಜಾಸ್ತಿ, ನೋಡಿದ್ದೇನೆ.

ಚಿತ್ರದವರ ಬಗ್ಗೆ ಹೇಳಬೇಕು, ಹೊತ್ತು ಓಡುತ್ತಿದೆ.

ಸಾಗರದ ಕಡೆ ದೀವರ ಸಮುದಾಯದ ಮನೆಗಳ ಹಸೆಗೋಡೆ ಚಿತ್ತಾರ ನೋಡಿರುತ್ತೀರಿ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಬಿಳಿ ಗೆರೆ. ಗೆರೆ ಎಳೆಯುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಗೋಡೆ ಸಾರಿಸಬೇಕು. ಅಕ್ಕಿ ನೆನೆಹಾಕಿ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕರಿಬಣ್ಣ ಬರುವ ಹಾಗೆ ಹುರಿದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು, ತಾವೇ ಜಜ್ಜಿ ಕಟ್ಟಿಕೊಂಡದ್ದು. ಇಷ್ಟೆಲ್ಲಾ ಮುಗಿಸುವಷ್ಟರಲ್ಲಿ ಆ ಹೆಣ್ಣುಮಗಳ ಕೈಗೆ ಗೋಡೆಯ ಪ್ರತಿ ಉಬ್ಬು ತಗ್ಗು ಗೊತ್ತಾಗಿರುತ್ತದೆ. ಆಮೇಲೆ ಗೆರೆ ಸೊಟ್ಟ ಹೋಗು ಅಂದರೂ ಹೋಗಲ್ಲ.

ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಚಿತ್ರಗಾರರಿದ್ದಾರೆ. ಅವರ ಬಣ್ಣದ ಗೊಂಬೆ ನೋಡಿ ಎಲ್ಲರೂ ಆಹಾ ಅನ್ನುತ್ತಾರೆ. ಬಣ್ಣದ ಕೆಳಗೆ ಏನಿದೆ ಗೊತ್ತಾ? ಗೋಣಿನಾರನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಸೇರಿಸಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ. ಮೈಸೂರು ಶೈಲಿಯ ಚಿತ್ರದಲ್ಲೂ ಹಾಗೇ, ಚಿನ್ನದ ಹಾಳೆ ಅಂಟಿಸುವ ಮುಂಚೆ ಒಡವೆಯ ಉಬ್ಬು ಕೆಲಸ ಮುಗಿದಿರಬೇಕು. ಇದನ್ನೇ ಒಂದು ಭಾಷಣ ಮಾಡಬಹುದಿತ್ತು.

ಇವರೆಲ್ಲಾ ಪರಂಪರೆಯವರು, ಆಧುನಿಕ ಕಲಾವಿದರಿಗೆ ಇದೆಲ್ಲಾ ಬೇಕಿಲ್ಲ ಅನ್ನುವವರಿಗೆ ಒಂದೇ ಹೆಸರು ಹೇಳುತ್ತೇನೆ. ಕೆ. ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಮುಂಬೈಯಲ್ಲಿ ಕಲಿತವರು, ಪ್ಯಾರಿಸ್ಸಿಗೂ ಹೋಗಿ ಬಂದವರು. ಅವರ ರೇಖಾಚಿತ್ರದಲ್ಲಿ ನಾಲ್ಕು ಗೆರೆಗೆ ಒಬ್ಬ ನರ್ತಕಿ ಎದ್ದು ಕುಣಿಯುತ್ತಾಳೆ. ಸಲೀಸಾಗಿ ಬಂದ ಹಾಗೆ ಕಾಣುತ್ತದೆ, ಅಲ್ವಾ? ಲಯ ಅಂದರೆ ಏನು ಅಂತ ಮೈಗೆ ಗೊತ್ತಾಗಲಿ ಅಂತ ಆ ಮನುಷ್ಯ ಗುರುವಿನ ಹತ್ತಿರ ಹೋಗಿ ಕಥಕ್ ಕಲಿತಿದ್ದರು. ಚಿತ್ರಕಾರ, ಕಾಲಿಗೆ ಗೆಜ್ಜೆ! ನಾಲ್ಕು ಗೆರೆ ಹೊಕ್ಕು. ಕಥಕ್ ಹಾಸು.

ನವಲಗುಂದದ ಜಮಖಾನ, ಗುಳೇದಗುಡ್ಡದ ಖಣ, ಸಂಡೂರಿನ ಲಂಬಾಣಿ ಕಸೂತಿ, ಎಲ್ಲಾ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆ ಕೂತವರು ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತ. ತಪ್ಪು ನನ್ನದೇ, ಇಳಕಲ್ಲಿನಲ್ಲೇ ಜಾಸ್ತಿ ಹೊತ್ತು ಕೂತುಬಿಟ್ಟೆ. ಅವತ್ತಿನ ಹಾಗೆಯೇ.

ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ಅವ್ವನದೋ ಅಜ್ಜಿಯದೋ ಇಳಕಲ್ ಸೀರೆ ಇದ್ದರೆ ಟ್ರಂಕಿನಿಂದ ತೆಗೆಯಿರಿ. ಸೆರಗಿನ ಬಿಳಿ ಕೆಂಪು ಪಟ್ಟಿ ನೋಡಬೇಡಿ, ದಡಿಯ ಚಿಕ್ಕಿ ಪರಾಸ್ ವಿನ್ಯಾಸ ನೋಡಬೇಡಿ, ಅದನ್ನು ಎಷ್ಟೋ ಸಲ ನೋಡಿದ್ದೀರಿ. ಒಡಲು ಮುಗಿದು ಸೆರಗು ಶುರುವಾಗುವ ಜಾಗಕ್ಕೆ ಬನ್ನಿ. ಅಲ್ಲಿ ಅಡ್ಡಕ್ಕೆ ಒಂದು ಸಣ್ಣ ಸಾಲು ಇರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಗೆ ಕಾಣದಿದ್ದರೆ ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಚುಕ್ಕಿ ಚುಕ್ಕಿಯಾಗಿ ಕೈಗೆ ತಾಗುತ್ತದೆ. ಅವೇ ಕೊಂಡಿಗಳು. ಒಂದು ಅಂಗುಲದಲ್ಲಿ ಎಷ್ಟಿವೆ ಅಂತ ಎಣಿಸಿ, ಮಕ್ಕಳ ಕೈಯಲ್ಲೂ ಎಣಿಸಿ. ಲೆಕ್ಕ ತಪ್ಪಿದರೆ ಮತ್ತೆ ಮೊದಲಿನಿಂದ.

ನಮಸ್ಕಾರ.